ಮೂಸೆಗೆ ಬೀಳದ ಚಿನ್ನ

ಒಣಗಿ ಮುದುರಿದ ತರಗೆಲೆಯಂತೆ ಕಾಣುವ, ಹೆಬ್ಬೆರಳಿನಷ್ಟು ಉದ್ದದ ಒಂದು ಚಿನ್ನದ ಹಾಳೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅದನ್ನು ಯಾರೂ ಬಡಿದು ತೆಳುವಾಗಿಸಿದ್ದಲ್ಲ, ಕಾಯಿಸಿ ಬಗ್ಗಿಸಿದ್ದೂ ಅಲ್ಲ. ಬೆಟ್ಟದ ಒಳಗೆ, ಕೂದಲೆಳೆಗಿಂತ ಸ್ವಲ್ಪವೇ ಅಗಲವಾದ ಬಿರುಕಿನಲ್ಲಿ, ಅದು ತಾನಾಗಿಯೇ ಹಾಗೆ ಬೆಳೆದದ್ದು. ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನೋಡಿದರೆ ಅದರ ಮೈಮೇಲೆ ಪುಟ್ಟ ಪುಟ್ಟ ತ್ರಿಕೋನಗಳು ಕಾಣುತ್ತವೆ. ಕೆಲವು ಉಬ್ಬಿದವು, ಕೆಲವು ತಗ್ಗಿದವು, ಎಲ್ಲವೂ ಒಂದೇ ಲೆಕ್ಕಕ್ಕೆ ಕಟ್ಟುಬಿದ್ದಂತೆ ಅಂಚಿಗೆ ಅಂಚು ಸಮಾನಾಂತರವಾಗಿ ಕುಳಿತಿರುತ್ತವೆ. ನುರಿತ ಅಕ್ಕಸಾಲಿಗನೂ ಭೂತಗನ್ನಡಿ ಹಿಡಿದು ಮಾಡಬೇಕಾದಷ್ಟು ಸೂಕ್ಷ್ಮವಾದ ಈ ಕುಸುರಿಯಲ್ಲಿ ಯಾವ ಕೈಯೂ ಇಲ್ಲವೆಂಬುದನ್ನು ಮನಸ್ಸು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಹಿಡಿಯುತ್ತದೆ.

ಇದು ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿರುವ ಪ್ರಕೃತಿ ಮತ್ತು ವಿಜ್ಞಾನ ವಸ್ತುಸಂಗ್ರಹಾಲಯದ ಮಾತು. ಸಿಟಿ ಪಾರ್ಕ್ ಎಂಬ ದೊಡ್ಡ ಉದ್ಯಾನದ ಪೂರ್ವದ ಅಂಚಿನಲ್ಲಿ ಅದು ನಿಂತಿದೆ. ಬರುವವರಲ್ಲಿ ಹೆಚ್ಚಿನವರು ಮಕ್ಕಳ ಕೈಹಿಡಿದು ನೇರವಾಗಿ ಡೈನೋಸಾರ್‌ಗಳ ಎಲುಬಿನ ಕಡೆಗೆ ನಡೆಯುತ್ತಾರೆ. ಖನಿಜಗಳ ವಿಭಾಗಕ್ಕೆ ಬಂದವರನ್ನು 1992ರಲ್ಲಿ ಆಲ್ಮಾ ಎಂಬಲ್ಲಿನ ಸ್ವೀಟ್ ಹೋಮ್ ಗಣಿಯಲ್ಲಿ ಸಿಕ್ಕ, ಕೆಂಡದ ಬಣ್ಣದ ರೋಡೋಕ್ರೋಸೈಟ್ ಹರಳು ಹಿಡಿದು ನಿಲ್ಲಿಸುತ್ತದೆ. ಅದೂ ನೋಡಲೇಬೇಕಾದದ್ದೇ. ಆದರೆ ಈ ಸಂಸ್ಥೆ ಹುಟ್ಟಿದ್ದು ಮೂರು ಸಂಗ್ರಹಗಳಿಂದ. ಒಂದು ಪ್ರಾಣಿ ಪಕ್ಷಿಗಳದ್ದು, ಇನ್ನೊಂದು ಚಿಟ್ಟೆ ಪತಂಗಗಳದ್ದು, ಮೂರನೆಯದು ಹರಳುಗಟ್ಟಿದ ಚಿನ್ನದ್ದು. ನಾನು ಹೋದದ್ದು ಆ ಮೂರನೆಯದನ್ನು ನೋಡಲು. ಒಮ್ಮೆ ನೋಡಿ ಬಂದ ಮೇಲೆ ಸಮಾಧಾನವಾಗದೆ ಮತ್ತೆ ಎರಡು ಸಲ ಹೋದೆ.

ನಮ್ಮ ನುಡಿಯಲ್ಲಿ ಚಿನ್ನಕ್ಕೆ ಸಂಬಂಧಿಸಿದ ಒಳ್ಳೆಯ ಮಾತುಗಳೆಲ್ಲ ಬೆಂಕಿಯಿಂದಲೇ ಬಂದಿವೆ. ಪುಟಕ್ಕಿಟ್ಟ ಚಿನ್ನ ಎನ್ನುತ್ತೇವೆ, ಅಪರಂಜಿ ಎನ್ನುತ್ತೇವೆ, ಕಷ್ಟದಲ್ಲಿ ಬೆಂದು ಬಂದವರನ್ನು ಮೂಸೆಯಿಂದ ಎದ್ದವರೆಂದು ಹೊಗಳುತ್ತೇವೆ. ಬಳೆ, ಸರ, ಓಲೆಗಳ ಹೆಸರು ರೂಪಗಳು ಬೇರೆಯಾದರೂ ಕರಗಿಸಿದರೆ ಉಳಿಯುವ ಚಿನ್ನ ಒಂದೇ ಎಂಬ ವೇದಾಂತದ ದೃಷ್ಟಾಂತವನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅಂದರೆ ರೂಪ ಬಂದುಹೋಗುವಂಥದ್ದು, ತೂಕ ಮತ್ತು ಒರೆಯೇ ನಿಜ. ಸಹಜ ಚಿನ್ನದ ಸಂಗ್ರಹವೊಂದರ ಮುಂದೆ ಈ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಅಲ್ಲಿರುವುದೆಲ್ಲ ಪುಟಕ್ಕೆ ಇಡದ ಚಿನ್ನ, ಒಳಗೆ ಬೆಳ್ಳಿಯನ್ನು ಬೆರೆಸಿಕೊಂಡೇ ಇರುವ ಚಿನ್ನ. ಅದರ ಬೆಲೆಯೆಲ್ಲ ರೂಪದಲ್ಲಿದೆ. ಕರಗಿಸಿದ ಕ್ಷಣದಲ್ಲೇ ಆ ಬೆಲೆ ಇಲ್ಲವಾಗುತ್ತದೆ. ಹಾಗಾಗಿ ಇಂಥ ಸಂಗ್ರಹದ ಇತಿಹಾಸವೆಂದರೆ, ಕರಗಿಸಬಹುದಾಗಿದ್ದ ಹೊತ್ತಿನಲ್ಲಿ ಯಾರು ಯಾರು ಕೈ ತಡೆದರು ಎಂಬುದರ ಇತಿಹಾಸವೇ ಆಗಿದೆ ಎಂದು ನನಗೆ ಅನ್ನಿಸಿದೆ.

ಸಹಜ ಚಿನ್ನ ಎಂದರೆ ಬೇರೆ ಧಾತುಗಳೊಡನೆ ಸಂಯುಕ್ತವಾಗದೆ ಲೋಹವಾಗಿಯೇ ನೆಲದಲ್ಲಿ ಸಿಗುವ ಚಿನ್ನ. ಕಬ್ಬಿಣವಾಗಲಿ ಸತುವಾಗಲಿ ಹೀಗೆ ಸಿಗುವುದು ಬಹಳ ಅಪರೂಪ; ಅವು ಆಮ್ಲಜನಕದೊಡನೆಯೋ ಗಂಧಕದೊಡನೆಯೋ ಸೇರಿ ಅದಿರಾಗಿ ಕುಳಿತಿರುತ್ತವೆ. ಚಿನ್ನ ಸುಲಭಕ್ಕೆ ಯಾವುದರೊಡನೆಯೂ ಸೇರುವುದಿಲ್ಲ. ಆದರೆ ಭೂಮಿಯ ಆಳದಲ್ಲಿ, ನೂರಾರು ಡಿಗ್ರಿ ಶಾಖದಲ್ಲಿ ಒತ್ತಡಕ್ಕೆ ಸಿಕ್ಕಿ ಹರಿಯುವ ನೀರಿನಲ್ಲಿ ಗಂಧಕದ ಅಥವಾ ಕ್ಲೋರಿನ್ನಿನ ಅಂಶವಿದ್ದರೆ ಅದೇ ಚಿನ್ನ ಅತ್ಯಲ್ಪ ಪ್ರಮಾಣದಲ್ಲಿ ಕರಗಿ ನೀರಿನೊಡನೆ ಹೊರಡುತ್ತದೆ. ಬಿರುಕುಗಳ ಮೂಲಕ ಮೇಲೇರುವಾಗ ಒತ್ತಡ ಇಳಿದು ನೀರು ಕುದಿದರೆ, ತಣಿದರೆ, ಅಥವಾ ಸುತ್ತಲಿನ ಬಂಡೆಯೊಡನೆ ರಾಸಾಯನಿಕ ಕ್ರಿಯೆ ನಡೆದು ಗಂಧಕ ಅತ್ತ ಸೆಳೆದುಹೋದರೆ, ಹೊತ್ತು ತಂದ ಚಿನ್ನವನ್ನು ನೀರು ಅಲ್ಲೇ ಇಳಿಸಿಬಿಡುತ್ತದೆ. ಬಹುಪಾಲು ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬೆಣಚುಕಲ್ಲಿನಲ್ಲಿ ಹುದುಗಿರುತ್ತದೆ. ಎಲ್ಲೋ ಒಂದು ಕಡೆ ಬಿರುಕಿನಲ್ಲಿ ಖಾಲಿ ಜಾಗವಿದ್ದು, ನೀರಿನ ಹರಿವು ನಿಧಾನವಾಗಿ ಎಡೆಬಿಡದೆ ಸಾಗಿ, ಪರಮಾಣುವಿನ ಮೇಲೆ ಪರಮಾಣು ಕೂರಲು ಪುರುಸೊತ್ತು ಸಿಕ್ಕರೆ ಮಾತ್ರ ಹರಳು ಬೆಳೆಯುತ್ತದೆ.

ಚಿನ್ನದ ಪರಮಾಣುಗಳು ಘನಾಕೃತಿಯ ಚೌಕಟ್ಟಿನಲ್ಲಿ ಜೋಡಣೆಗೊಳ್ಳುವುದರಿಂದ ಅದರ ಹರಳುಗಳು ಘನಗಳಾಗಿ, ಹನ್ನೆರಡು ಮುಖದವಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಎರಡು ಪಿರಮಿಡ್‌ಗಳನ್ನು ತಳಕ್ಕೆ ತಳ ಸೇರಿಸಿಟ್ಟಂಥ ಎಂಟು ಮುಖದ ಆಕಾರದಲ್ಲಿ ಕಾಣಿಸಿಕೊಳ್ಳುತ್ತವೆ. ಎಂಟು ಮುಖಗಳಲ್ಲಿ ಪ್ರತಿಯೊಂದೂ ಒಂದು ತ್ರಿಕೋನ. ಎರಡು ಹರಳುಗಳು ಒಂದೇ ಮುಖವನ್ನು ಹಂಚಿಕೊಂಡು ಕನ್ನಡಿಯ ಪ್ರತಿಬಿಂಬದಂತೆ ಅವಳಿಯಾಗಿ ಬೆಳೆದರೆ, ಅವು ದಪ್ಪಕ್ಕೆ ಬೆಳೆಯದೆ ಅಗಲಕ್ಕೆ ಹರಡಿ ಎಲೆಯಾಗುತ್ತವೆ. ನಾನು ನೋಡಿದ ಆ ತರಗೆಲೆಯ ಮೈಮೇಲಿನ ತ್ರಿಕೋನಗಳು ಬಂದದ್ದು ಹೀಗೆ. ಕೆಲವೊಮ್ಮೆ ಬೆಳವಣಿಗೆ ಮೂಲೆಗಳಲ್ಲಿ ಮಾತ್ರ ವೇಗವಾಗಿ ನಡೆದು ಜರೀಗಿಡದ ಗರಿಯಂಥ ಕವಲುಗಳಾಗುತ್ತವೆ. ಕೆಲವೊಮ್ಮೆ ಬುಡದಿಂದಲೇ ಒತ್ತಿ ಹೊರಬಂದಂತೆ ಸುರುಳಿ ಸುತ್ತಿದ ತಂತಿಗಳಾಗುತ್ತವೆ. ಹೊಳೆಯಲ್ಲಿ ಉರುಳಿ ನುಣುಪಾದ ಗಟ್ಟಿಗಳಲ್ಲಿ ಈ ಹೊರರೂಪವೆಲ್ಲ ಸವೆದುಹೋಗಿರುತ್ತದೆ. ಚಿನ್ನ ಬಹಳ ಮೆದು ಲೋಹವಾದ್ದರಿಂದ, ಹುಟ್ಟಿದ ಬಿರುಕಿನಿಂದ ಸ್ವಲ್ಪ ದೂರ ಹೊಳೆಯೊಡನೆ ಉರುಳಿದರೂ ಅಂಚುಗಳೆಲ್ಲ ಮಡಿದುಹೋಗುತ್ತವೆ.

ಕೊಲೊರಾಡೊದ ಚಿನ್ನದ ಕತೆ ಶುರುವಾಗುವುದು 1858ರಲ್ಲಿ. ಈಗ ಡೆನ್ವರ್ ಇರುವ ಜಾಗದ ಸುತ್ತಮುತ್ತ ಹೊಳೆಮರಳಿನಲ್ಲಿ ಚಿನ್ನದ ಚೂರು ಸಿಕ್ಕಿತೆಂಬ ಸುದ್ದಿ ಹಬ್ಬಿ, ಮರುವರ್ಷ ಜನ ಗಾಡಿ ಕಟ್ಟಿಕೊಂಡು ಸಾವಿರಗಟ್ಟಲೆ ಬಂದರು. ಅವರಲ್ಲಿ ಕೆಲವರು ಪರ್ವತಸಾಲನ್ನು ದಾಟಿ ಬ್ಲೂ ನದಿಯ ಕಣಿವೆಗಿಳಿದು 1859ರಲ್ಲಿ ಬ್ರೆಕೆನ್‌ರಿಜ್ ಊರನ್ನು ಕಟ್ಟಿದರು. ಸಮುದ್ರಮಟ್ಟದಿಂದ ಸುಮಾರು 9,600 ಅಡಿ ಎತ್ತರದ ಆ ಊರಿನಲ್ಲಿ ಮೊದಲ ದಿನಗಳ ಕೆಲಸವೆಂದರೆ ತೊರೆಗಳ ಮರಳನ್ನು ಬಾಣಲೆಯಲ್ಲಿ ಜಾಲಿಸುವುದು. ಊರಿನ ಪೂರ್ವಕ್ಕಿರುವ ಒಂದು ಬೆಟ್ಟದಿಂದ ಇಳಿದು ಬರುವ ತೊರೆಗಳಲ್ಲಿ ಮಾತ್ರ ಚಿನ್ನ ವಿಚಿತ್ರವಾಗಿತ್ತು. ಅದು ಸವೆದ ಕಾಳುಗಳಾಗಿರದೆ ಒರಟಾಗಿತ್ತು, ಎಲೆಗಳ ಚೂರು ಮತ್ತು ತಂತಿಗಳ ತುಂಡುಗಳು ಅದರಲ್ಲಿದ್ದವು. ಜಾಲಿಸುವವನ ಕಣ್ಣು ಚುರುಕಾಗಿದ್ದರೆ ಇದರ ಅರ್ಥ ಇಷ್ಟೇ: ಈ ಚಿನ್ನ ದೂರದಿಂದ ಬಂದದ್ದಲ್ಲ, ಇದರ ತವರು ಮೇಲೆಯೇ ಇದೆ. ಹ್ಯಾರಿ ಫಾರ್ನ್‌ಕೂಂಬ್ ಎಂಬಾತನ ಹೆಸರಿನಿಂದ ಆ ಬೆಟ್ಟ ಫಾರ್ನ್‌ಕೂಂಬ್ ಹಿಲ್ ಎನ್ನಿಸಿಕೊಂಡಿತು.

ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪರವಾಗಿ ಎಫ್. ಎಲ್. ರ‍್ಯಾನ್ಸಮ್ ಎಂಬ ಭೂವಿಜ್ಞಾನಿ ಬ್ರೆಕೆನ್‌ರಿಜ್ ಪ್ರದೇಶದ ಬಗ್ಗೆ ಬರೆದ ವಿವರವಾದ ವರದಿ 1911ರಲ್ಲಿ ಪ್ರಕಟವಾಯಿತು. ಈ ಬೆಟ್ಟದ ಅದಿರಿನ ಎಳೆಗಳು ಎಂಥವು ಎಂಬುದು ತಿಳಿದ ಮೇಲೆ ಅಲ್ಲಿ ಕೆಲಸ ಮಾಡಿದವರ ಬಗ್ಗೆ ಗೌರವ ಹೆಚ್ಚುತ್ತದೆ. ಪದರಪದರವಾಗಿ ಬಿಡುವ ಜೇಡಿಕಲ್ಲಿನ ನಡುವೆ, ಒಳನುಗ್ಗಿದ ಅಗ್ನಿಶಿಲೆಯ ಪಕ್ಕದಲ್ಲಿ, ಬೆರಳಿನಷ್ಟೂ ದಪ್ಪವಿಲ್ಲದ ಎಳೆಗಳು ಅವು. ಎಷ್ಟೋ ಮಾರು ಅಗೆದರೂ ಏನೂ ಸಿಗದು. ಹಠಾತ್ತನೆ ಒಂದು ಜಾಗದಲ್ಲಿ ಚಿನ್ನದ ಎಲೆಗಳು ಹೆಣೆದುಕೊಂಡ ಗೂಡು ಎದುರಾಗುತ್ತದೆ. ಅಂಥ ಗೂಡು ಸಿಕ್ಕ ದಿನ ತಿಂಗಳುಗಳ ಕೂಲಿ ಒಂದೇ ಗಳಿಗೆಯಲ್ಲಿ ಹುಟ್ಟುತ್ತದೆ.

1887ರ ಜುಲೈ 23ರಂದು ಆ ಬೆಟ್ಟದ ಗೋಲ್ಡ್ ಫ್ಲೇಕ್ ಎಳೆಯಲ್ಲಿ ಟಾಮ್ ಗ್ರೋವ್ಸ್ ಮತ್ತು ಹ್ಯಾರಿ ಲಿಟನ್ ಎಂಬ ಇಬ್ಬರು ಗಣಿಗಾರರಿಗೆ ಎದುರಾದದ್ದು ಇಂಥ ಗೂಡುಗಳಲ್ಲೆಲ್ಲ ದೊಡ್ಡದು. ಅದರೊಳಗಿನ ಒಂದೇ ಮುದ್ದೆ 13 ಪೌಂಡ್ 7 ಔನ್ಸ್ ತೂಗಿತೆಂದು ಹೇಳುತ್ತಾರೆ. ಚಿನ್ನ ತೂಗುವ ಟ್ರಾಯ್ ಲೆಕ್ಕದಲ್ಲಿ ಅದು ಸುಮಾರು 5 ಕಿಲೋ. ಟಾಮ್ ಆ ಮುದ್ದೆಯನ್ನು ಕಂಬಳಿಯಲ್ಲಿ ಸುತ್ತಿ, ಹೆತ್ತ ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬ್ರೆಕೆನ್‌ರಿಜ್‌ನ ಬೀದಿಯಲ್ಲಿ ಎಲ್ಲರಿಗೂ ತೋರಿಸುತ್ತಾ ಓಡಾಡಿದ. ಊರಿನವರು ಅದಕ್ಕೆ ಇಟ್ಟ ಹೆಸರೇ ‘ಟಾಮ್ಸ್ ಬೇಬಿ’, ಅಂದರೆ ಟಾಮನ ಕೂಸು. ಕೊಲೊರಾಡೊದಲ್ಲಿ ಸಿಕ್ಕ ಚಿನ್ನದ ಗಟ್ಟಿಗಳಲ್ಲಿ ಇದೇ ಅತಿ ದೊಡ್ಡದೆಂದು ಇಂದಿಗೂ ಹೆಸರಾಗಿದೆ.

ಆಗಿನ ಚಿನ್ನದ ಬೆಲೆ ಟ್ರಾಯ್ ಔನ್ಸಿಗೆ 20 ಡಾಲರ್ 67 ಸೆಂಟ್. ಪೂರ್ತಿ ಶುದ್ಧವೆಂದೇ ಎಣಿಸಿದರೆ ಆ ಕೂಸು ಸುಮಾರು 3,370 ಡಾಲರಿನ ಸೊತ್ತು. ಆ ಕಾಲದ ಕೊಲೊರಾಡೊ ಗಣಿಗಳಲ್ಲಿ ದಿನಗೂಲಿ 3 ಡಾಲರ್ ಸಿಕ್ಕರೆ ಅದು ಒಳ್ಳೆಯ ಕೂಲಿ. ಅಂದರೆ ಒಬ್ಬನ ಮೂರು ವರ್ಷಗಳ ದುಡಿಮೆ ಕಂಬಳಿಯೊಳಗೆ ಮಲಗಿತ್ತು. ಇದನ್ನು ಇಷ್ಟು ಲೆಕ್ಕ ಹಾಕಿ ಹೇಳಲು ಕಾರಣವಿದೆ. ಇಂಥ ತುಂಡುಗಳನ್ನು ಕರಗಿಸಿದವರ ಬಗ್ಗೆ ನಾವು ಈಗ ಸುಲಭವಾಗಿ ಮರುಗುತ್ತೇವೆ; ಆದರೆ ದಿನಸಿ ಅಂಗಡಿಯಲ್ಲಿ ಸಾಲ ಬೆಳೆದವನಿಗೆ ಹರಳಿನ ಅಂದಕ್ಕಿಂತ ತಕ್ಕಡಿಯ ತೂಕವೇ ದೊಡ್ಡದಾಗಿ ಕಂಡರೆ ಅದು ಅವನ ತಪ್ಪಲ್ಲ. ಅದಲ್ಲದೆ, ಗಣಿಯಿಂದ ಕಳ್ಳತನದಲ್ಲಿ ಹೊರಗೆ ಸಾಗಿಸಿದ ಚಿನ್ನವನ್ನಂತೂ ಕೂಡಲೇ ಕರಗಿಸುವುದೇ ಕ್ಷೇಮವಾಗಿತ್ತು. ಫಾರ್ನ್‌ಕೂಂಬ್ ಬೆಟ್ಟದ ಎಲೆಚಿನ್ನವನ್ನು ಬಲ್ಲವರು ಕಂಡೊಡನೆ ಗುರುತು ಹಿಡಿಯುತ್ತಿದ್ದರು. ಕರಗಿದ ಗಟ್ಟಿಗೆ ಊರೂ ಇಲ್ಲ, ಒಡೆಯನೂ ಇಲ್ಲ.

ಅದೇ 1887ರಲ್ಲಿ, ಬಹಳ ದೂರದ ಗ್ಲಾಸ್ಗೋ ನಗರದಲ್ಲಿ, ಜಾನ್ ಸ್ಟುವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನವನ್ನು ರೂಪಿಸಿದರು. ಅದುವರೆಗೆ ಅದಿರನ್ನು ಒನಕೆಯಂಥ ಉಕ್ಕಿನ ಕುಟ್ಟಾಣಿಗಳಲ್ಲಿ ಪುಡಿಮಾಡಿ ಪಾದರಸಕ್ಕೆ ಅಂಟಿಸಿ ಚಿನ್ನ ತೆಗೆಯುತ್ತಿದ್ದರು. ಹೊಸ ವಿಧಾನ ಬಂದ ಮೇಲೆ ಕಣ್ಣಿಗೆ ಕಾಣದ ಚಿನ್ನವೂ ಲಾಭ ತರತೊಡಗಿತು. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಇದ್ದರೂ ಈಗ ಗಣಿ ನಡೆಯುತ್ತದೆ. ಇಡೀ ಬೆಟ್ಟಗಳು ಪುಡಿಯಾಗಿ ದ್ರಾವಣದಲ್ಲಿ ನೆನೆಯುತ್ತವೆ. ಬರಿಗಣ್ಣಿನಿಂದ ಎಳೆ ಹುಡುಕುತ್ತಾ, ಕೈಯುಳಿಯಿಂದ ಬಿಡಿಸುತ್ತಾ ಹೋಗುವ ಕಸುಬು ಹಿಂದೆ ಸರಿದಂತೆಲ್ಲ, ಹರಳು ಇಡಿಯಾಗಿ ಮನುಷ್ಯನ ಕಣ್ಣಿಗೆ ಬೀಳುವ ಸಂದರ್ಭಗಳೂ ಕಡಿಮೆಯಾದವು. ವಸ್ತುಸಂಗ್ರಹಾಲಯಗಳ ಹೆಸರಾಂತ ಚಿನ್ನದ ಮಾದರಿಗಳಲ್ಲಿ ಎಷ್ಟೋ ತುಂಡುಗಳು ಹತ್ತೊಂಬತ್ತನೆಯ ಶತಮಾನದವಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಕತೆಯಲ್ಲಿ ಕೈ ತಡೆದವನ ಹೆಸರು ಜಾನ್ ಕ್ಯಾಂಪಿಯನ್. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಹುಟ್ಟಿದ ಆತ 1879ರಲ್ಲಿ ಬೆಳ್ಳಿಗೆ ಹೆಸರಾದ ಲೆಡ್‌ವಿಲ್ ಊರಿಗೆ ಬಂದು ಗಣಿಗಳಲ್ಲಿ ಹಣ ಹೂಡುತ್ತಾ ಬೆಳೆದವನು. 1893ರಲ್ಲಿ ಸರಕಾರ ಬೆಳ್ಳಿ ಕೊಳ್ಳುವ ಕಾಯಿದೆಯನ್ನು ರದ್ದು ಮಾಡಿದಾಗ ಬೆಳ್ಳಿಯ ಬೆಲೆ ಕುಸಿದು ಲೆಡ್‌ವಿಲ್ ಮುಳುಗುವ ಸ್ಥಿತಿಗೆ ಬಂತು. ಆಗ ಕ್ಯಾಂಪಿಯನ್ ಮತ್ತು ಜೊತೆಗಾರರ ಐಬೆಕ್ಸ್ ಕಂಪನಿಯ ಲಿಟಲ್ ಜಾನಿ ಗಣಿಯಲ್ಲಿ, ಬೆಳ್ಳಿಯ ಪದರದ ಕೆಳಗೆ ಚಿನ್ನವಿದೆಯೆಂದು ನಂಬಿದವರು ಆಳಕ್ಕೆ ಇಳಿಯಲು ನೋಡಿದರು. ಅಡ್ಡಿಯಾದದ್ದು ಡಾಲಮೈಟ್ ಮರಳು. ಅಗೆದಷ್ಟೂ ಅದು ಜಾರಿ ಬಂದು ಬಾವಿಯನ್ನು ತುಂಬುತ್ತಿತ್ತು. ಮೇಲ್ವಿಚಾರಕನಾಗಿದ್ದ ಜೆ. ಜೆ. ಬ್ರೌನ್ ಒಣಹುಲ್ಲಿನ ಪಿಂಡಿಗಳನ್ನು ಮರದ ದಿಮ್ಮಿಗಳ ಹಿಂದೆ ಒತ್ತೊತ್ತಾಗಿ ತುರುಕಿ ಆ ಮರಳನ್ನು ತಡೆದು ನಿಲ್ಲಿಸಿದ. (ಟೈಟಾನಿಕ್ ಹಡಗಿನ ದುರಂತದಲ್ಲಿ ಬದುಕುಳಿದ ಮಾರ್ಗರೆಟ್ ಬ್ರೌನ್ ಈತನ ಹೆಂಡತಿ.) ಕೆಳಗೆ ನಿಜಕ್ಕೂ ಚಿನ್ನವಿತ್ತು. ಕ್ಯಾಂಪಿಯನ್‌ನ ಸಿರಿವಂತಿಕೆಗೆ ಅಲ್ಲಿಂದ ಮುಂದೆ ಎದುರಿರಲಿಲ್ಲ.

ಆ ಹಣದ ಬಲದಲ್ಲಿ ಆತ ಫಾರ್ನ್‌ಕೂಂಬ್ ಬೆಟ್ಟದ ವಾಪಿಟಿ ಗಣಿಗೂ ಒಡೆಯನಾದ. ಅಲ್ಲಿಂದ ಬಂದ ಎಲೆಗಳನ್ನೂ ತಂತಿಗಳನ್ನೂ ನೋಡಿದಾಗ ಅವುಗಳಲ್ಲಿ ಚೆಲುವಾದವನ್ನು ಕರಗಿಸುವವರಿಗೆ ಕೊಡದೆ ಪ್ರತ್ಯೇಕವಾಗಿ ಇಡತೊಡಗಿದ. ಗಣಿಯ ಒಡೆಯನೇ ಸಂಗ್ರಾಹಕನಾಗುವುದು ಒಂದು ಅದೃಷ್ಟ. ಕೂಲಿಯವನಿಗೆ ಇಲ್ಲದ ತಾಳ್ಮೆ ಅವನಿಗೆ ಕೈಗೆಟಕುವಂತಿರುತ್ತದೆ, ವ್ಯಾಪಾರಿಗೆ ಸಿಗದ ಮೊದಲ ಆಯ್ಕೆ ಅವನದಾಗಿರುತ್ತದೆ. ಹಾಗಿದ್ದರೂ ಗಣಿಯ ಒಡೆಯರೆಲ್ಲ ಹೀಗೆ ಮಾಡಲಿಲ್ಲ ಎಂಬುದನ್ನು ನೆನೆದಾಗ ಕ್ಯಾಂಪಿಯನ್‌ಗೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಅದೇ ಬ್ರೆಕೆನ್‌ರಿಜ್‌ನಲ್ಲಿ ಎಡ್ವಿನ್ ಕಾರ್ಟರ್ ಎಂಬ ಇನ್ನೊಬ್ಬ ಸಂಗ್ರಾಹಕನಿದ್ದ. ಚಿನ್ನ ಹುಡುಕಲು ಬಂದು, ಗಣಿಗಾರಿಕೆಯಿಂದ ಕಾಡು ಬರಿದಾಗುತ್ತಿರುವುದನ್ನು ಕಂಡು, ಆ ಕೆಲಸ ಬಿಟ್ಟು ಪರ್ವತಗಳ ಪ್ರಾಣಿ ಪಕ್ಷಿಗಳ ಚರ್ಮಗಳನ್ನು ಹದಮಾಡಿ ತನ್ನ ಮರದ ಮನೆಯ ತುಂಬ ಕೂಡಿಟ್ಟವನು ಅವನು. ಚರ್ಮಗಳಿಗೆ ಹಚ್ಚುತ್ತಿದ್ದ ಆರ್ಸೆನಿಕ್ ವಿಷವೇ ಮೈಗೇರಿ 1900ರಲ್ಲಿ ತೀರಿಕೊಂಡ. ಅವನ ಸಂಗ್ರಹವನ್ನು 10,000 ಡಾಲರಿಗೆ ಕೊಂಡು ಉಳಿಸಿಕೊಳ್ಳಲು ಡೆನ್ವರಿನ ಗಣ್ಯರು ಮುಂದಾದರು. ಅದಕ್ಕೆ ಕ್ಯಾಂಪಿಯನ್‌ನ ಚಿನ್ನವೂ, ಚಿಟ್ಟೆಗಳ ಸಂಗ್ರಹವೂ ಸೇರಿ ಅದೇ ವರ್ಷದ ಡಿಸೆಂಬರಿನಲ್ಲಿ ಕೊಲೊರಾಡೊ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಕ್ಯಾಂಪಿಯನ್‌ನೇ ಅದರ ಮೊದಲ ಅಧ್ಯಕ್ಷ. ಕಟ್ಟಡ ಏಳಲು ವರ್ಷಗಳು ಹಿಡಿದು, ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1908ರ ಜುಲೈ 1ರಂದು. ಒಂದೇ ಊರಿನ ಚಿನ್ನ ಮತ್ತು ಆ ಚಿನ್ನದ ಹುಡುಕಾಟದಿಂದ ಅಳಿಯತೊಡಗಿದ್ದ ಕಾಡಿನ ಜೀವಗಳು ಒಂದೇ ಸೂರಿನಡಿ ಬಂದವು.

ಆ ವರ್ಷಗಳ ಡೆನ್ವರ್ ನನಗೆ ಕುತೂಹಲ ಹುಟ್ಟಿಸುತ್ತದೆ. 1863ರಿಂದ ಗಣಿಗಾರರ ಚಿನ್ನವನ್ನು ಕರಗಿಸಿ, ಒರೆ ನೋಡಿ ಗಟ್ಟಿಮಾಡಿ ಕೊಡುತ್ತಿದ್ದ ಸರಕಾರಿ ಕಚೇರಿ 1906ರಲ್ಲಿ ಪೂರ್ಣ ಪ್ರಮಾಣದ ಟಂಕಸಾಲೆಯಾಗಿ ನಾಣ್ಯ ಅಚ್ಚುಹಾಕತೊಡಗಿತು. 1908ರಲ್ಲಿ, ವಸ್ತುಸಂಗ್ರಹಾಲಯದ ಬಾಗಿಲು ತೆರೆದ ವರ್ಷದಲ್ಲೇ, ರಾಜ್ಯದ ಶಾಸನಸಭೆಯ ಕಟ್ಟಡದ ಗುಮ್ಮಟಕ್ಕೆ 200 ಔನ್ಸ್ ಚಿನ್ನವನ್ನು ಬಡಿದು ಮಾಡಿದ ರೇಕನ್ನು ಹೊದಿಸಲಾಯಿತು. ಒಂದೇ ಪರ್ವತಗಳಿಂದ ಇಳಿದ ಲೋಹ ಕೆಲವೇ ಮೈಲಿಗಳ ಅಂತರದಲ್ಲಿ ಮೂರು ದಾರಿ ಹಿಡಿಯಿತು. ಟಂಕಸಾಲೆಯಲ್ಲಿ ಅದಕ್ಕೆ ತೂಕ ಮತ್ತು ಮುದ್ರೆ ಸಿಕ್ಕಿತು. ಗುಮ್ಮಟದ ಮೇಲೆ ಮನುಷ್ಯ ತನ್ನ ಸುತ್ತಿಗೆಯಿಂದ ಅದನ್ನು ಎಲೆಯಾಗಿಸಿದ. ಉದ್ಯಾನದ ಆ ಕಟ್ಟಡದಲ್ಲಿ ಬೆಟ್ಟವೇ ಮಾಡಿಟ್ಟ ಎಲೆಗಳು ಹಾಗೆಯೇ ಉಳಿದವು.

ಟಾಮನ ಕೂಸಿನ ಕತೆ ಮಾತ್ರ ಇಷ್ಟು ನೇರವಾಗಿ ಸಾಗಲಿಲ್ಲ. ಸಿಕ್ಕ ಕೆಲವೇ ದಿನಗಳಲ್ಲಿ ಅದನ್ನು ರೈಲಿನಲ್ಲಿ ಡೆನ್ವರಿಗೆ ಕಳುಹಿಸಿದರು. ಅಲ್ಲಿಗೆ ಅದರ ಜಾಡು ತಪ್ಪಿಹೋಯಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬ್ರೆಕೆನ್‌ರಿಜ್‌ನ ಜನರ ಪಾಲಿಗೆ ಅದು ಅಜ್ಜಂದಿರು ಹೇಳುವ ಕತೆಯಾಗಿ ಉಳಿಯಿತು. ಆ ಊರಿನ ಇತಿಹಾಸ ಬರೆಯುತ್ತಿದ್ದ ಪಾದ್ರಿಯೊಬ್ಬರು ಬೆನ್ನುಬಿಡದೆ ವಿಚಾರಿಸಿದ್ದರಿಂದ, 1972ರಲ್ಲಿ ವಸ್ತುಸಂಗ್ರಹಾಲಯದವರು ಡೆನ್ವರಿನ ಬ್ಯಾಂಕೊಂದರ ಭದ್ರಕೊಠಡಿಯಲ್ಲಿ ಇರಿಸಿದ್ದ ತಮ್ಮ ಚಿನ್ನವನ್ನು ತೆಗೆಸಿ ನೋಡಿದರು. ಕೂಸು ಅಲ್ಲೇ ಇತ್ತು. ಆದರೆ ಇಡಿಯಾಗಿರಲಿಲ್ಲ. ಈಗ ಗಾಜಿನ ಹಿಂದಿರುವ ತುಂಡು 102 ಟ್ರಾಯ್ ಔನ್ಸ್, ಸುಮಾರು 3.17 ಕಿಲೋ ತೂಗುತ್ತದೆ.

ಅದನ್ನು ಮೊದಲು ನೋಡಿದವರಿಗೆ ಸ್ವಲ್ಪ ನಿರಾಸೆಯಾಗಬಹುದು. ಚಿನ್ನದ ಗಟ್ಟಿ ಎಂದೊಡನೆ ನಮ್ಮ ಕಣ್ಣಿಗೆ ಬರುವ ಉರುಟು, ನುಣುಪು, ಹೊಳಪು ಯಾವುದೂ ಅದಕ್ಕಿಲ್ಲ. ಒರಟಾದ, ಹೆಪ್ಪುಗಟ್ಟಿದ ಪೊದೆಯಂಥ ಮುದ್ದೆ ಅದು. ಹತ್ತಿರದಿಂದ ನೋಡಿದಾಗ ಅದು ಒಂದು ವಸ್ತುವಲ್ಲ, ಒಂದರ ಮೇಲೊಂದು ಹೆಣೆದುಕೊಂಡ ಎಷ್ಟೋ ಹರಳುಗಳ ಒಕ್ಕೂಟವೆಂದು ತಿಳಿಯುತ್ತದೆ. ಸಂದುಗಳಲ್ಲಿ ನೆರಳು ಕಂದಾಗಿ ನಿಂತಿರುತ್ತದೆ, ಅಂಚುಗಳಲ್ಲಿ ದೀಪದ ಬೆಳಕು ಬಿದ್ದ ಕಡೆ ಮಾತ್ರ ಆ ಗಾಢ ಹಳದಿ ಹೊಮ್ಮುತ್ತದೆ. ಎರಡನೆಯ ಸಲ ಹೋದಾಗ ನಾನು ಅದರ ಒಂದು ಮಗ್ಗುಲನ್ನು ಮಾತ್ರ ನೋಡುತ್ತಾ ನಿಂತಿದ್ದೆ. ಕಳಚಿಹೋದ ಪಾಲು ಇತ್ತ ಇದ್ದಿರಬಹುದೇ ಎಂಬ ಯೋಚನೆ ಬಿಡದೆ ಕಾಡಿತು.

ಬೇರೆ ಕಡೆಗಳಲ್ಲಿ ಸಿಕ್ಕ ದೊಡ್ಡ ಗಟ್ಟಿಗಳ ಗತಿ ನೋಡಿದರೆ, ಈ ಕೂಸು ಇಷ್ಟಾದರೂ ಉಳಿದದ್ದೇ ದೊಡ್ಡದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಮೊಲಿಯಾಗಲ್‌ನಲ್ಲಿ 1869ರ ಫೆಬ್ರವರಿ 5ರಂದು ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಅವರಿಗೆ ಸಿಕ್ಕ ‘ವೆಲ್‌ಕಮ್ ಸ್ಟ್ರೇಂಜರ್’ನಿಂದ 70 ಕಿಲೋಗೂ ಹೆಚ್ಚು ಚಿನ್ನ ಬಂತು. ಅದನ್ನು ಇಡಿಯಾಗಿ ತೂಗುವ ತಕ್ಕಡಿಯೇ ಇಲ್ಲದ್ದರಿಂದ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ತುಂಡು ಮಾಡಿ ತೂಗಿ ಕರಗಿಸಿದರು. 1872ರಲ್ಲಿ ನ್ಯೂ ಸೌತ್ ವೇಲ್ಸಿನ ಹಿಲ್ ಎಂಡ್‌ನಲ್ಲಿ ಹೋಲ್ಟರ್‌ಮನ್‌ನ ಗಣಿಯಿಂದ ಬಂದ, ಆಳೆತ್ತರದ, ಕಲ್ಲು ಸೇರಿ 286 ಕಿಲೋ ಇದ್ದ ಹಲಗೆಯಂಥ ತುಂಡಿಗೂ ಅದೇ ಗತಿಯಾಯಿತು. ಉಳಿದವುಗಳ ಪಟ್ಟಿ ಚಿಕ್ಕದು. ಅದರಲ್ಲಿ ವಿಕ್ಟೋರಿಯಾದಲ್ಲೇ 1853ರಲ್ಲಿ ಸಿಕ್ಕ, ಘನಾಕೃತಿಯ ಹರಳುಗಳ ಗೊಂಚಲಾದ 717 ಗ್ರಾಂ ತೂಕದ ಲಾಟ್ರೋಬ್ ಗಟ್ಟಿ ಲಂಡನ್ನಿನ ನಿಸರ್ಗ ಇತಿಹಾಸ ಮ್ಯೂಸಿಯಂನಲ್ಲಿದೆ. ಕ್ಯಾಲಿಫೋರ್ನಿಯಾದ ಫ್ರಿಕಾಟ್ ಗಟ್ಟಿ 1878ರ ಪ್ಯಾರಿಸ್ ಪ್ರದರ್ಶನದವರೆಗೂ ಹೋಗಿ ಬಂದು, 1943ರಲ್ಲಿ ದಾನವಾಗಿ ಆ ರಾಜ್ಯದ ಸಂಗ್ರಹಕ್ಕೆ ಸೇರಿ, 2012ರಲ್ಲಿ ಮ್ಯೂಸಿಯಂ ಮೇಲೆ ನಡೆದ ಸಶಸ್ತ್ರ ದರೋಡೆಯಲ್ಲಿಯೂ ಕಳ್ಳರ ಪಾಲಾಗದೆ ಉಳಿದುಕೊಂಡಿತು.

ಡೆನ್ವರಿನ ಸಂಗ್ರಹದ ಜೊತೆಗೆ ಇಟ್ಟು ನೋಡಲೇಬೇಕಾದ ಇನ್ನೊಂದು ತುಂಡು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದೆ. ಅದೂ ಕೊಲೊರಾಡೊದ್ದೇ, ಅದೂ 1887ರದ್ದೇ. ಗ್ರೌಂಡ್ ಹಾಗ್ ಗಣಿಯಿಂದ ಬಂದ ಆ ತುಂಡನ್ನು ಟಗರಿನ ಕೊಂಬು ಎಂದೇ ಕರೆಯುತ್ತಾರೆ. ಸುಮಾರು 12 ಸೆಂಟಿಮೀಟರ್ ಎತ್ತರದ, 263 ಗ್ರಾಂ ತೂಕದ, ದಪ್ಪ ತಂತಿಗಳ ಕಟ್ಟೊಂದು ಕೊಂಬಿನಂತೆ ಬಾಗಿ ನಿಂತಿದೆ. ಗಣಿ ಉದ್ಯಮಿ ಆಲ್ಬರ್ಟ್ ಬರೇಜ್ ಅವರ ಸಂಗ್ರಹದೊಡನೆ ಅದು 1948ರಲ್ಲಿ ಹಾರ್ವರ್ಡ್‌ಗೆ ಸೇರಿತು. ಅದರ ಒಳಗೇನಿದೆ ಎಂಬುದನ್ನು ತಿಳಿಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ದಾರಿಯಿರಲಿಲ್ಲ, ಏಕೆಂದರೆ ಕತ್ತರಿಸಿದರೆ ಉಳಿಸಿದ ಉದ್ದೇಶವೇ ಕೆಡುತ್ತದೆ. ಎಕ್ಸ್-ರೇಯಾದರೆ ಚಿನ್ನದ ಮೇಲ್ಪದರದಲ್ಲೇ ಹೀರಿಹೋಗುತ್ತದೆ. ಲಾಸ್ ಆಲಮೋಸ್ ಪ್ರಯೋಗಾಲಯದಲ್ಲಿ ನ್ಯೂಟ್ರಾನ್‌ಗಳನ್ನು ಅದರ ಮೂಲಕ ಹಾಯಿಸಿ ನೋಡಿದಾಗ, ನೂರಾರು ಎಳೆಗಳ ಕಟ್ಟಿನಂತೆ ಕಾಣುವ ಆ ಕೊಂಬು ಒಳಗೆ ಕೆಲವೇ ಕೆಲವು ಹರಳುಗಳಿಂದ ಆಗಿದೆಯೆಂದು ತಿಳಿದುಬಂತು. ಅದರಲ್ಲಿ ಬೆಳ್ಳಿಯ ಪಾಲೂ ಗಣನೀಯವಾಗಿದೆ. ಬೆಳ್ಳಿಯ ಪಾಲು ಐದನೆಯ ಒಂದು ಭಾಗವನ್ನು ಮೀರಿದ ಇಂಥ ಮಿಶ್ರಣಕ್ಕೆ ಎಲೆಕ್ಟ್ರಮ್ ಎಂಬ ಬೇರೆ ಹೆಸರೇ ಇದೆ. ಒಂದು ವೇಳೆ 1887ರಲ್ಲೇ ಅದನ್ನು ಮೂಸೆಗೆ ಹಾಕಿದ್ದರೆ, ಬೆಳ್ಳಿ ಬೇರ್ಪಟ್ಟು ನೂರೆಂಬತ್ತು ಗ್ರಾಂ ಆಸುಪಾಸಿನ ಚಿನ್ನ ಸಿಗುತ್ತಿತ್ತು. ಬೆಲೆ 120 ಡಾಲರನ್ನೂ ಮುಟ್ಟುತ್ತಿರಲಿಲ್ಲ.

ಉಳಿಸಿಕೊಂಡವರ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆಣಚುಕಲ್ಲಿನೊಳಗೆ ಅರ್ಧ ಅಡಗಿರುವ ಚಿನ್ನವನ್ನು ಇನ್ನಷ್ಟು ಚೆನ್ನಾಗಿ ಕಾಣಿಸಲೆಂದು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ ಕಲ್ಲನ್ನೆಲ್ಲ ಕರಗಿಸಿ ತೆಗೆಯುವ ರೂಢಿ ಸಂಗ್ರಾಹಕರಲ್ಲಿದೆ. ಆಮ್ಲ ಚಿನ್ನಕ್ಕೆ ಏನೂ ಮಾಡದು ಎನ್ನುವುದು ನಿಜ. ಆದರೆ ಚಿನ್ನ ಯಾವ ಖನಿಜದ ಪಕ್ಕ, ಯಾವುದರ ನಂತರ ಬೆಳೆಯಿತೆಂದು ಹೇಳುವ ಸಾಕ್ಷಿ ಆ ಕಲ್ಲಿನಲ್ಲಿತ್ತು; ಅದು ಆಮ್ಲದೊಡನೆ ಹರಿದುಹೋಗುತ್ತದೆ. ನನ್ನ ಮಟ್ಟಿಗೆ ಕಲ್ಲಿಗೆ ಅಂಟಿಕೊಂಡೇ ಇರುವ, ಅರ್ಧವೇ ಕಾಣುವ ತುಂಡು ಹೆಚ್ಚು ಪ್ರಿಯ. ಹಾಗೆಯೇ ಊರು, ಬೆಟ್ಟ, ಗಣಿಯ ಹೆಸರು ಬರೆದ ಚೀಟಿ ಕಳೆದುಹೋದ ಮಾದರಿ ಎಷ್ಟು ಚೆಲುವಾಗಿದ್ದರೂ ಅರ್ಧ ಮೂಕವಾದಂತೆ. ಕ್ಯಾಂಪಿಯನ್‌ನ ಚಿನ್ನದ ನಿಜವಾದ ಹಿರಿಮೆ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅದು ಲೋಕದ ಮೂಲೆಮೂಲೆಗಳಿಂದ ಕೊಂಡು ತಂದ ಚೆಲುವಾದ ತುಂಡುಗಳ ರಾಶಿಯಲ್ಲ. ಒಂದೇ ಬೆಟ್ಟದ ಒಡಲು ಎಷ್ಟು ಬಗೆಯಲ್ಲಿ ಚಿನ್ನವನ್ನು ಬೆಳೆಸಿತೆಂಬುದನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ಸಂಗ್ರಹ.

ಆ ಬೆಟ್ಟದ ಕೆಳಗಿನ ಕಣಿವೆಗಳಲ್ಲಿ 1898ರಿಂದ 1942ರವರೆಗೆ ತೇಲುವ ದೋಣಿಯಂತ್ರಗಳು ಹೊಳೆಯ ತಳವನ್ನೇ ತೋಡಿ ತೊಳೆದು ಚಿನ್ನ ಎತ್ತಿದವು. ಅವು ಹಿಂದೆ ಬಿಟ್ಟುಹೋದ ಉರುಟು ಕಲ್ಲುಗಳ ಗುಡ್ಡೆಗಳು ಬ್ರೆಕೆನ್‌ರಿಜ್ ಸುತ್ತ ಈಗಲೂ ಕಾಣಸಿಗುತ್ತವೆ. ಮೂರನೆಯ ಭೇಟಿಯ ದಿನ ನಾನು ಆ ತರಗೆಲೆಯಂಥ ಹಾಳೆಯ ಮುಂದೆಯೇ ಹೆಚ್ಚು ಹೊತ್ತು ಕಳೆದೆ. ಭೂತಗನ್ನಡಿ ಒಯ್ದಿದ್ದೆ, ಗಾಜಿನ ಈಚೆಯಿಂದ ಅದು ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಆದರೂ ಹಾಳೆಯ ಒಂದು ಅಂಚಿನಲ್ಲಿ, ಮೊದಲೆರಡು ಸಲ ನನ್ನ ಕಣ್ಣಿಗೆ ಬೀಳದಿದ್ದ ಒಂದು ಸಂಗತಿ ಕಂಡಿತು. ಸಾಸಿವೆ ಕಾಳಿನ ಅರ್ಧದಷ್ಟಿದ್ದ ಒಂದು ಹರಳು, ಅಂಚು ಮುಕ್ಕಾಗದೆ, ಹಾಳೆಯ ಮೇಲೆ ನೆಟ್ಟಗೆ ಎದ್ದು ನಿಂತಿತ್ತು. ಸುರಂಗದ ಮೊಂಬತ್ತಿಯ ಬೆಳಕಿನಲ್ಲಿ ಆ ಹಾಳೆಯನ್ನು ಕಲ್ಲಿನಿಂದ ಬಿಡಿಸಿದವನು, ಅದನ್ನು ಕೆಳಗಿನ ಊರಿಗೆ ತಂದವನು, ಡೆನ್ವರಿಗೆ ಒಯ್ದವನು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲಿಸಿದವರು, ಇವರಲ್ಲಿ ಒಬ್ಬರ ಬೆರಳು ತುಸು ಜಾರಿದ್ದರೂ ಅದು ಮುರಿದು ಬೀಳುತ್ತಿತ್ತು.